ಅರ್ಧ ಸ್ಕಾಲರ್‌ಶಿಪ್ಪಿಗೆ ಪೂರ್ತಿ ಹಲ್ವ

ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ವಿದ್ಯೆ ನಮ್ಮ ಮನೆತನಕ್ಕೆ ಒಲಿದಿಲ್ಲ. ಕೆಟ್ಟ ಸುದ್ದಿಯಾದರೆ ವರ್ಷಗಟ್ಟಲೆ ಅದುಮಿಟ್ಟುಕೊಳ್ಳುತ್ತೇವೆ. ಒಳ್ಳೆಯದು ಬಂತೋ, ನಾಲ್ಕು ಜನರಿಗೆ ಸಿಹಿ ಹಂಚಿ ಹೇಳುವವರೆಗೂ ಉಂಡ ಅನ್ನ ಕರಗುವುದಿಲ್ಲ. ಗದಗು ಬಿಟ್ಟು ಮಸ್ಕತ್ತಿಗೆ ಬಂದು ನೆಲೆಸಿದ ಮೇಲೂ ನನಗೆ ಈ ಚಾಳಿ ಹೋಗಿಲ್ಲ. ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕೆಂದರೆ ಡ್ರಮ್ಮುಗಳ ಸಾಲಿನ ನಡುವೆ ಕಾರನ್ನು ಹಿಂದಕ್ಕೆ ತರಬೇಕು. ನಾನು ಎಷ್ಟು ಡ್ರಮ್ಮುಗಳನ್ನು ಮಾತಾಡಿಸಿದೆನೆಂದು ಹೇಳಲಾರೆ. ಅಂತೂ ಲೈಸೆನ್ಸ್ ಸಿಕ್ಕ ದಿನ ಇಡೀ ಆಫೀಸಿಗೆ ಜಿಲೇಬಿ ಹಂಚಿದೆ. ‘ಎಷ್ಟನೇ ಸಲಕ್ಕೆ ಪಾಸಾದಿರಿ?’ ಎಂದು ಕೇಳಿದವರಿಗೆ ಇನ್ನೊಂದು ಜಿಲೇಬಿ ಕೊಟ್ಟು ಬಾಯಿ ಮುಚ್ಚಿಸಿದೆ.

ಹೀಗಿರುವಾಗ ಹೋದ ವರ್ಷ ನನ್ನ ಒಬ್ಬಳೇ ಮಗಳು ಅನಘಾ ಇಲ್ಲಿನ ಶಾಲೆ ಮುಗಿಸಿ, ಧಾರವಾಡದ ಒಂದು ಎಂಜಿನಿಯರಿಂಗ್ ಕಾಲೇಜು ಸೇರಿದಳು. ಸೇರಿದ ವಾರವೇ ಫೋನು ಬಂತು. “ಪಪ್ಪಾ, ಐ ಗಾಟ್ ದ ಸ್ಕಾಲರ್‌ಶಿಪ್! ಅರ್ಧ ಫೀಸ್ ಅವರೇ ಕೊಡ್ತಾರಂತೆ!” ಅರ್ಧ ಎಂಬುದು ನನಗೆ ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೆ ಅಲ್ ಖುವೈರಿನ ಅಂಗಡಿಯಲ್ಲಿ ಹಲ್ವ ಕಟ್ಟಿಸಿಕೊಂಡು, ಕೇಸರಿ, ಗುಲಾಬಿ ನೀರಿನ ಆ ಬಿಸಿ ಪರಿಮಳವನ್ನು ಕಾರಿನ ತುಂಬ ತುಂಬಿಕೊಂಡು ಆಫೀಸು ತಲಪುವಷ್ಟರಲ್ಲಿ, ಅರ್ಧ ಎಂಬ ಮಾತು ಆ ಹಲ್ವಕ್ಕೆ ತೀರ ಸಣ್ಣದೆನ್ನಿಸತೊಡಗಿತು. ಅರ್ಧ ಸ್ಕಾಲರ್‌ಶಿಪ್ ಎಂದರೆ ಕೇಳುವವರು ‘ಇನ್ನರ್ಧ?’ ಎನ್ನುತ್ತಾರೆ. ಸಂಭ್ರಮಕ್ಕೆ ಅಂಥ ಪ್ರಶ್ನೆ ಒಳ್ಳೆಯದಲ್ಲ.

ಹಲ್ವದ ಬೋಗುಣಿಯನ್ನು ಎಚ್‌ಆರ್ ವಿಭಾಗದ ಮೇಜಿನ ಮೇಲೇ ಇಟ್ಟೆ. ಕಹ್ವಾ ಎಂಬ ಅರಬ್ಬೀ ಕಾಫಿಯ ಹೂಜಿ ಇರುವುದು ಅಲ್ಲಿ, ಜನ ಸೇರುವುದೂ ಅಲ್ಲೇ. “ಮಗಳಿಗೆ ಪೂರ್ತಿ ಸ್ಕಾಲರ್‌ಶಿಪ್! ನನಗೆ ಒಂದು ಬೈಸಾ ಖರ್ಚಿಲ್ಲ!” ಎಂದು ಘೋಷಿಸಿದೆ. ಎಲ್ಲರೂ ಬಲಗೈ ಬೆರಳಿನಿಂದ ಹಲ್ವ ಕಿತ್ತು ಬಾಯಿಗಿಟ್ಟು “ಮಬ್ರೂಕ್, ಮಬ್ರೂಕ್” ಎಂದು ಅಭಿನಂದಿಸಿದರು. ಅವರಲ್ಲಿ ಎರಡು ಸಲ ಕೈ ಹಾಕಿದವರು ಎಚ್‌ಆರ್ ನೋಡಿಕೊಳ್ಳುವ ಬಂಟ್ವಾಳದ ಹಮೀದ್‌ಭಾಯಿ. ನಮ್ಮ ಕನ್ನಡದವರು ಎಂಬ ಅಭಿಮಾನದಿಂದ ನಾನೇ ಒತ್ತಾಯ ಮಾಡಿ ಮೂರನೆಯ ಸಲವೂ ತಿನ್ನಿಸಿದೆ.

ಎರಡು ದಿನ ಕಳೆದ ಮೇಲೆ ಹಮೀದ್‌ಭಾಯಿ ನನ್ನನ್ನು ಕರೆದರು.

“ದೇಸಾಯರೇ, ಬನ್ನಿ, ಕೂತ್ಕೊಳ್ಳಿ. ನಿಮ್ಮ ಹಲ್ವ ಭಾರೀ ಲಾಯ್ಕ ಇತ್ತು. ಆದ್ರೆ ಒಂದು ಸಣ್ಣ ಪ್ರಾಬ್ಲೆಮ್ ಉಂಟು ಮಾರಾಯ್ರೆ.”

ಸಮಸ್ಯೆ ಇಷ್ಟು. ನಮ್ಮ ಕಂಪನಿ ನೌಕರರ ಮಕ್ಕಳ ಓದಿಗೆ ವರ್ಷಕ್ಕೊಮ್ಮೆ ಶಿಕ್ಷಣ ಭತ್ಯೆ ಕೊಡುತ್ತದೆ. ಜೊತೆಗೆ, ಊರಲ್ಲಿ ಓದುವ ಮಕ್ಕಳು ರಜೆಗೆ ಅಪ್ಪ ಅಮ್ಮನ ಹತ್ತಿರ ಬಂದು ಹೋಗಲು ವಿಮಾನದ ಟಿಕೆಟ್. ಮಗುವಿಗೆ ಸ್ಕಾಲರ್‌ಶಿಪ್ ಬಂದರೆ ಬಂದಷ್ಟನ್ನು ಭತ್ಯೆಯಲ್ಲಿ ಕಳೆಯುತ್ತಾರೆ. ಫೀಸು ಪೂರ್ತಿ ಬೇರೆಯವರೇ ಕೊಟ್ಟರೆ ಮಗು ‘ಅವಲಂಬಿತ’ರ ಪಟ್ಟಿಯಿಂದಲೇ ಹೊರಗೆ. ಆಗ ಭತ್ಯೆಯೂ ಇಲ್ಲ, ಟಿಕೆಟ್ಟೂ ಇಲ್ಲ. ನಾನು ಕೇಳಿದೆ, “ಬ್ಯಾಂಕಿನಿಂದ ಸಾಲ ತಗೊಂಡರೆ?”

“ಸಾಲ ತಗೊಂಡ್ರೆ ಎಂತದೂ ಕಟ್ ಆಗುದಿಲ್ಲ. ಅದು ನಿಮ್ಮ ತಲೆ ಮೇಲೆಯೇ ಇರ್ತದಲ್ಲ, ನೀವೇ ತೀರಿಸ್ಬೇಕು. ಸ್ಕಾಲರ್‌ಶಿಪ್ ಹಾಗಲ್ಲ. ಒಂದೇ ಫೀಸಿಗೆ ಎರಡು ಕಡೆಯಿಂದ ದುಡ್ಡು ಕೊಡ್ಲಿಕ್ಕೆ ಆಗ್ತದಾ? ನೀವೇ ಹೇಳಿ.”

ನ್ಯಾಯವಾದ ಮಾತು. ಬೇರೆಯವರ ಮಗಳ ವಿಷಯವಾಗಿದ್ದರೆ ನಾನೇ ಎದ್ದು ಸಮರ್ಥಿಸುತ್ತಿದ್ದೆ. ನನ್ನ ಪಕ್ಕದ ಟೇಬಲ್ಲಿನ ಮಿತ್ರನ ಮಗ ಯಾವ ಸ್ಕಾಲರ್‌ಶಿಪ್ಪಿನ ಗೊಡವೆಗೂ ಹೋಗದೆ, ಇಡೀ ಫೀಸಿಗೆ ಸಾಲ ಮಾಡಿ ಓದುತ್ತಿದ್ದಾನೆ. ಅವನಿಗೆ ಪೂರ್ತಿ ಭತ್ಯೆ, ಪೂರ್ತಿ ಟಿಕೆಟ್. ಆ ಹುಡುಗನ ಮೇಲೆ ನನಗೆ ಎಂದೂ ಇಲ್ಲದ ಗೌರವ ಮೂಡಿತು.

ಬೌಷರಿನ ಮನೆಗೆ ಹೋಗಿ ಹೆಂಡತಿ ಸುಮಂಗಲಾಗೆ ವರದಿ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಅಂದ್ರ ಚಲೋ ಓದಿದವ್ರಿಗೆ ದಂಡ, ಸಾಲ ಮಾಡಿದವ್ರಿಗೆ ಬಹುಮಾನ ಅಂದಂಗಾತು. ಅದಿರ್ಲಿ. ಆಕಿ ಅರ್ಧ ಅಂದಿದ್ಲು. ನೀವ್ಯಾಕ ಪೂರ್ತಿ ಅಂತ ಡಂಗುರ ಸಾರಿದ್ರಿ?”

“ಹಲ್ವ ಜಾಸ್ತಿ ಇತ್ತು...” ಎಂದೆ.

“ಡಿಸೆಂಬರ್‌ದಾಗ ನನ್ನ ಮಗಳು ಬರಲಿಲ್ಲಂದ್ರ, ನೋಡ್ರಿ ಮತ್ತ!” ಎಂದು ಅವಳು ರೊಟ್ಟಿಯನ್ನು ಬಡಿದ ರೀತಿಗೆ ಕೆಳಗಿನ ಮನೆಯವರು ಮರುದಿನ ಏನು ರಿಪೇರಿ ಎಂದು ವಿಚಾರಿಸಿದರು. ನಾವೇ ಟಿಕೆಟ್ ತೆಗೆದು ಕರೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಡಿಸೆಂಬರಿನ ವಿಮಾನ ದರವನ್ನು ನೀವು ನೋಡಿಲ್ಲ. ಭತ್ಯೆ ಕೈತಪ್ಪಿದರೆ ಉಳಿದರ್ಧ ಫೀಸಿಗಾಗಿ ಬ್ಯಾಂಕಿನ ಬಾಗಿಲಿಗೆ ಹೋಗುವುದು ಹೇಗೂ ಇದ್ದೇ ಇತ್ತು. ಅದೂ ಅಲ್ಲದೆ, ಹುಟ್ಟಿದಾಗಿನಿಂದ ಮನೆ ಬಿಟ್ಟು ಒಂದು ವಾರವೂ ಇರದಿದ್ದ ಹುಡುಗಿ ಅವಳು. ಅವಳ ಕೋಣೆಯ ಎ.ಸಿ.ಯನ್ನು ಸುಮಂಗಲಾ ದಿನಾ ಸಂಜೆ ಸುಮ್ಮನೆ ಹಚ್ಚಿ ಆರಿಸುತ್ತಿದ್ದಳು. ನಾನು ನೋಡಿಯೂ ನೋಡದವನಂತೆ ಇರುತ್ತಿದ್ದೆ. ನನಗೂ ಸಂಕಟವೇ ಆಗುತ್ತಿತ್ತು.

ಉಳಿದಿದ್ದು ಒಂದೇ ದಾರಿ, ಕೊಚ್ಚಿಕೊಂಡದ್ದನ್ನು ಅರ್ಧಕ್ಕಿಳಿಸುವುದು. ಹಮೀದ್‌ಭಾಯಿಯ ಕಿವಿಯಲ್ಲಿ ಹೇಳಿ ಮುಗಿಸೋಣವೆಂದರೆ, ಸಹಿ ಮಾಡಬೇಕಾದವರು ಮ್ಯಾನೇಜರ್ ಸಾಲಿಂ ಸಾಹೇಬರು. ಅವರ ಕೋಣೆಯಲ್ಲಿ ಗುಟ್ಟು ಎಂಬುದಿಲ್ಲ. ಬಾಗಿಲು ಸದಾ ತೆರೆದೇ ಇರುತ್ತದೆ. ಬಂದವರೆಲ್ಲ ಗೋಡೆಯ ಸುತ್ತ ಕುಳಿತು ಖರ್ಜೂರ ತಿಂದು ಕಹ್ವಾ ಕುಡಿಯುತ್ತಾರೆ. ಒಬ್ಬನ ಕೆಲಸವನ್ನು ಉಳಿದವರೆಲ್ಲ ಕೇಳಿಸಿಕೊಂಡು ಸಲಹೆಯನ್ನೂ ಕೊಡುತ್ತಾರೆ. ಆ ದಿನ ಅಲ್ಲಿ ಕುಳಿತಿದ್ದವರಲ್ಲಿ ಹೆಚ್ಚಿನವರು ನನ್ನ ಹಲ್ವ ತಿಂದವರು. ನಾನು ಕಹ್ವಾದ ಕಪ್ಪನ್ನು ಕೈಯಲ್ಲಿ ಹಿಡಿದು ಹವಾಮಾನ, ಹೆದ್ದಾರಿಯ ಟ್ರಾಫಿಕ್ಕು, ಸಸ್ಯಾಹಾರಿಯಾದರೂ ಸೂರ್ ಕಡೆಯ ಮೀನಿನ ರುಚಿ, ಹೀಗೆ ಎಲ್ಲವನ್ನೂ ಹೊಗಳಿದೆ. ಕೊನೆಗೆ ಹಮೀದ್‌ಭಾಯಿಯೇ ನನ್ನ ಕೈಯಿಂದ ಕಾಲೇಜಿನ ಪತ್ರ ತೆಗೆದುಕೊಂಡು, ನನ್ನ ಮಗಳಿಗೆ ಸಿಕ್ಕಿದ್ದು ಅರ್ಧ ಮಾತ್ರ ಎಂದು ಹಿಂದಿಯಲ್ಲಿ ಎಲ್ಲರಿಗೂ ತಿಳಿಯುವಂತೆ ಹೇಳಿಬಿಟ್ಟರು.

ಸಾಲಿಂ ಸಾಹೇಬರು ಸಹಿ ಹಾಕುತ್ತ ನಕ್ಕರು. “ಅರ್ಧ ಅಂದಿದ್ದರೂ ನಾವು ಹಲ್ವ ತಿನ್ನುತ್ತಿದ್ದೆವಲ್ಲ, ದೇಸಾಯಿ! ಖಲಾಸ್, ಹುಡುಗಿಯನ್ನು ಕರೆಸಿಕೋ.” ಬೈದಿದ್ದರೆ ಮರೆತುಬಿಡುತ್ತಿದ್ದೆ. ಈ ಒಳ್ಳೆಯ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಡಿಸೆಂಬರಿನಲ್ಲಿ ಮಗಳು ಬಂದಳು, ಕೋಣೆಯ ಎ.ಸಿ. ಹಗಲೂ ರಾತ್ರಿ ಓಡಿತು, ಚಪಾತಿ, ರೊಟ್ಟಿ ಮಾಡುವ ಅಮ್ಮನ ಕೈಗೆ ಬಿಡುವಿಲ್ಲದಂತಾಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ವರ್ಷ ಅನಘಾ ಮತ್ತೆ ಫೋನ್ ಮಾಡಿದಳು. “ಪಪ್ಪಾ, ಐ ಟಾಪ್ಡ್ ದ ಕ್ಲಾಸ್. ಈ ಸಲ ಫುಲ್. ರಿಯಲಿ ಫುಲ್. ಪ್ಲೀಸ್, ಹಲ್ವ ಬೇಡ.”

ಹಲ್ವ ತರಲಿಲ್ಲ. ನಿಯಮದ ಪ್ರಕಾರ ಹೇಳಲೇಬೇಕಲ್ಲ, ಬರಿಗೈಯಲ್ಲಿ ಹಮೀದ್‌ಭಾಯಿಯ ಮುಂದೆ ಕುಳಿತು ತಗ್ಗಿದ ದನಿಯಲ್ಲಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನತ್ತ ಬಾಗಿದರು.

“ದೇಸಾಯರೇ, ಹೋದ ವರ್ಷವೂ ಪೂರ್ತಿಯೇ ಇತ್ತಲ್ಲ ಮಾರಾಯ್ರೆ. ಈ ಸಲ ಎಷ್ಟಕ್ಕೆ ಇಳಿಸ್ತೀರಿ?”

ಮಗಳ ಕಾಲೇಜಿನಿಂದ ಪತ್ರ ತರಿಸಿ ತೋರಿಸಿದ ಮೇಲೆಯೇ ನಂಬಿದ್ದು. ಭತ್ಯೆ ಹೋಯಿತು, ಟಿಕೆಟ್ಟೂ ಹೋಯಿತು. ಕಂಪನಿಯ ಲೆಕ್ಕದಲ್ಲಿ ಈಗ ನನ್ನ ಮಗಳು ನನ್ನನ್ನು ಅವಲಂಬಿಸಿಲ್ಲ. ಆ ಪತ್ರ ನೋಡಿ ಹೆಮ್ಮೆಯೂ ಆಯಿತು, ಒಳಗೆಲ್ಲೋ ಸ್ವಲ್ಪ ನೋವೂ ಆಯಿತು. ಅಪ್ಪನ ಕೈ ಬೇಡವಾಯಿತೆಂದು ಅಷ್ಟು ಬೇಗ ಕಾಗದದ ಮೇಲೆ ನೋಡಲು ನಾನು ತಯಾರಿರಲಿಲ್ಲ.

ದಾರಿ ಕಂಡುಹಿಡಿದವಳು ಸುಮಂಗಲಾ. “ಆಕಿ ಟಿಕೆಟ್ ಹೋದ್ರ ಹೋಗ್ಲಿ. ನಮ್ಮಿಬ್ಬರಿಗೂ ಊರಿಗೆ ಹೋಗಾಕ ಕಂಪನಿ ಕೊಡೂ ವರ್ಷದ ಟಿಕೆಟ್ ಅದಾವಲ್ರೀ? ಈ ಸಲ ನಾವ ಹೋಗೂಣು. ಆದ್ರ ಒಂದ್ ಮಾತು. ಕಾಲೇಜಿನಾಗ ಹೋಗಿ ಪೇಡೆ ಹಂಚಿ ಭಾಷಣ ಮಾಡಬ್ಯಾಡ್ರಿ. ಹುಡುಗಿ ಮರ್ಯಾದಿ ಪ್ರಶ್ನೆ.”

ನಾನು ಒಪ್ಪಿ ತಲೆಯಾಡಿಸಿದೆ. ಧಾರವಾಡದ ಪೇಡೆಯವನಿಗೆ ಆಗಲೇ ಫೋನ್ ಮಾಡಿ ಐದು ಕಿಲೋ ಹೇಳಿಟ್ಟಿದ್ದನ್ನು ಅವಳಿಗೆ ವಿಮಾನ ಹತ್ತಿದ ಮೇಲೆ ಹೇಳಿದರಾಯಿತು. ಆಗ ಎರಡು ಕಿಲೋ ಎಂದರೆ ಸಾಕು.