ದೇವರು ಒಪ್ಪಿದ ಕಿವಿ ಮಿಷನ್

ನಮ್ಮ ಸೋದರತ್ತೆಗೆ ಒಂದು ಮಿಕ್ಸಿ ಮಾರಿದವನು ಈ ಲೋಕದಲ್ಲಿ ಯಾರಿಗೆ ಏನನ್ನು ಬೇಕಾದರೂ ಮಾರಬಲ್ಲ!

ಹಿರೇಹಡಗಲಿಯ ಈ ಅತ್ತೆಗೆ ಹೊಸ ಯಂತ್ರಗಳೆಂದರೆ ಪಂಚಪ್ರಾಣ. ಹೂವಿನಹಡಗಲಿಯ ಅಂಗಡಿಗೆ ಹೋಗಿ ಎಲ್ಲ ಬಟನ್ ಒತ್ತಿ, ಎತ್ತಿ ನೋಡಿ, ಅಂಗಡಿಯವನು ಪ್ಯಾಕ್ ಮಾಡಲು ರಟ್ಟಿನ ಡಬ್ಬಿ ತರುವ ಹೊತ್ತಿಗೆ ಸರಿಯಾಗಿ, ದೇವರನ್ನು ಕೇಳಿ ಬರುತ್ತೇನೆಂದು ಎದ್ದುಬಿಡುತ್ತಾಳೆ. ನೆಪವಲ್ಲ, ನಿಜವಾಗಿಯೂ ಕೇಳುತ್ತಾಳೆ! ಮನೆದೇವರ ಬೆಳ್ಳಿ ಮುಖಕ್ಕೆ ಎಡಕ್ಕೊಂದು ಬಲಕ್ಕೊಂದು ಒದ್ದೆ ಮಲ್ಲಿಗೆ ಅಂಟಿಸಿ ಕಣ್ಣು ಮುಚ್ಚುತ್ತಾಳೆ. ಬಲಗಡೆಯದು ಬಿದ್ದರೆ ಬೇಕು, ಎಡಗಡೆಯದು ಬಿದ್ದರೆ ಬೇಡ. ಅಂಗಡಿಯವನು ಒಮ್ಮೆ ಸೋತು, “ಅವ್ವಾರ, ನಿಮ್ಮ ದೇವ್ರ ನಂಬರ್ ಕೊಡ್ರಿ, ನಾನೇ ಮಾತಾಡಿ ಒಪ್ಪಿಸ್ತೀನಿ” ಅಂದಿದ್ದ.

ಮೊಬೈಲು ಕೊಳ್ಳುವಾಗ ದೇವರು ಕಪ್ಪು ಬಣ್ಣದ್ದನ್ನು ಒಪ್ಪಲಿಲ್ಲ. ಅತ್ತೆಗೆ ಕೆಂಪಿನ ಮೇಲೆ ಕಣ್ಣಿತ್ತು, ಕೆಂಪನ್ನು ಕೇಳಿದಳು, ಒಪ್ಪಿದ. ದೇವರು ಬಲಗಡೆಯ ಹೂ ಕೊಟ್ಟ ಮೇಲೆ ಬಂದ ಫ್ರಿಜ್ಜಿನಲ್ಲಿ ಈಗಲೂ ಮೊದಲ ಹಕ್ಕು ಮಲ್ಲಿಗೆಯದೇ, ಹಾಲು ಮೊಸರು ಹೊರಗೆ! ಮಾವ ಇದಕ್ಕೆಲ್ಲ ಒಂದು ಮಾತೂ ಆಡಿದವರಲ್ಲ.

ಹೋದ ವರ್ಷ ಅತ್ತೆಯ ಕಿವಿ ಮಂದವಾಯಿತು. ಕೆಂಪು ಮೊಬೈಲು ಮೂಲೆ ಸೇರಿತು. ನಾವು ನಕ್ಕರೆ ನಮ್ಮ ಮುಖ ನೋಡಿಕೊಂಡು ಆಮೇಲೆ ನಗುತ್ತಿದ್ದಳು. ಸಂಜೆ ಅವಳು ಹೂ ಕಟ್ಟುವಾಗ ಪಕ್ಕದಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದ ಮಾವ ಈಗ ಅದನ್ನು ಹಿತ್ತಲಿಗೆ ಹೋಗಿ ಎಮ್ಮೆಗೆ ಹೇಳತೊಡಗಿದ್ದರು. ಡಾಕ್ಟರು, ಬೇಗ ಕಿವಿಗೆ ಮಿಷನ್ ಹಾಕಿಸಿ, ತಡಮಾಡಿದರೆ ಅದೂ ಉಪಯೋಗಕ್ಕೆ ಬರಲಿಕ್ಕಿಲ್ಲ ಎಂದರು. ಅತ್ತೆ ಹೂ ಕೇಳಿದಳು. ಬಿದ್ದದ್ದು ಎಡಗಡೆಯದು!

“ಬ್ಯಾಡ ಅಂದಾನ, ಬಿಡು” ಎಂದು ಎದ್ದುಹೋದಳು. ನಾನು ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಸೋಮವಾರ ಇನ್ನೊಂದು ಸಲ ಕೇಳಲು ಒಪ್ಪಿದಳು.

ಸೋಮವಾರ ಅತ್ತೆ ದೀಪ ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ಮಾವ ಪಡಸಾಲೆಯ ಹಳೇ ಟೇಬಲ್ ಫ್ಯಾನನ್ನು ಮಗುವಿನಂತೆ ಎತ್ತಿಕೊಂಡು ಬಾಗಿಲಿಗೆ ಬಂದರು! ಬಲಗಡೆಯ ಹೂವಿಗೆ ಗುರಿಯಿಟ್ಟು ಸ್ವಿಚ್ ಹಾಕಲು ನನಗೆ ಸನ್ನೆ ಮಾಡಿದರು. ಆ ಫ್ಯಾನಿನ ಗಡಗಡ ಸದ್ದಿಗೆ ಪಕ್ಕದ ಮನೆಯವರೂ ಎದ್ದು ಕೂರಬೇಕು, ಅತ್ತೆ ಮಾತ್ರ ಅಲುಗಲಿಲ್ಲ. ಅವಳು ಕೇಳಿ ಮುಗಿಸುವ ಮೊದಲೇ ಉತ್ತರ ಬಿತ್ತು. ಜೊತೆಗೆ ದೀಪವೂ ಆರಿತು!

ಸಿಕ್ಕಿಬಿದ್ದೆವೆಂದು ನಾನು ತಟ್ಟನೆ ಸ್ವಿಚ್ ಆರಿಸಿದೆ. ಮಾವ ಫ್ಯಾನಿನ ಸಮೇತ ಬಾಗಿಲ ಮರೆಗೆ ಸರಿದರು. ಅತ್ತೆ ಕಣ್ಣು ಬಿಟ್ಟು ಹೂವನ್ನು ನೋಡಿದಳು, ದೀಪವನ್ನು ನೋಡಿದಳು, ಮತ್ತೆ ಹಚ್ಚಿದಳು. ಒಪ್ಪಿದ್ದಾನೆ, ನಾಳೆಯೇ ಹೋಗೋಣ ಎಂದಳು. ಅಬ್ಬಾ!

ಮಿಷನ್ ಹಾಕಿಸಿಕೊಂಡು ಮನೆಗೆ ಬಂದ ದಿನ ಸೆಕೆಯೆಂದು ಮಾವ ಮೈಮರೆತು ಅದೇ ಫ್ಯಾನು ಹಾಕಿದರು. ಗಡಗಡ! ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತಿದಳು.

“ಅವತ್ತು ಇದನ್ನ ಹೊತ್ಕೊಂಡು ನಿಂತಿದ್ರಲ್ಲ, ಕೈ ನೋಯ್ಲಿಲ್ಲೇನ್ರಿ?”

ಮಾವ ಬೆಪ್ಪಾದರು. “ನಿನಗ ಗೊತ್ತಿತ್ತೇನು?”

“ಕಿವಿ ಮಂದ ಆಗಿತ್ತು. ಮೈಗೆ ಗಾಳಿ ಬಡೀತಿತ್ತಲ್ಲ?”

“ಮತ್ತ ಸುಮ್ನ ಯಾಕ ಇದ್ದಿ?”

ಅತ್ತೆ ದಾರ ಬಿಗಿದಳು. “ದೇವ್ರು ಬ್ಯಾಡ ಅಂದಿದ್ದು ಖರೇ. ಆದ್ರ ನೀವು ಎಮ್ಮಿ ಮುಂದ ಮಾತಾಡೋದು ನೋಡಕ ಆಗಲಿಲ್ಲ.”

ಮಾವ ಫ್ಯಾನು ಆರಿಸಿ, ಹೂವಿನ ಬುಟ್ಟಿಯ ಪಕ್ಕ ಕೂತು, ವರ್ಷದಿಂದ ಉಳಿದುಹೋಗಿದ್ದ ಸುದ್ದಿಯನ್ನೆಲ್ಲ ಶುರುಮಾಡಿದರು. ಅತ್ತೆ ಹೂ ಕಟ್ಟುತ್ತ, ಸರಿಯಾದ ಜಾಗಗಳಲ್ಲಿ, ಹೂಂ ಹೂಂ ಅನ್ನುತ್ತಿದ್ದಳು.