ದೊಡ್ಡಮ್ಮನ ಅಂಗಡಿ ಟೀವಿಯಲ್ಲಿ ಬಂದದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ಕೈಗೆ ಪೆನ್ನಿಗಿಂತ ಸೂಜಿಯೇ ಹೆಚ್ಚು ಅಭ್ಯಾಸವಾಗಿದೆ. ಅದಕ್ಕೇ ಸಾಲುಗಳು ಅವಸರದ ಹೆಮ್ಮಿಂಗಿನ ಹಾಗೆ ಓರೆಯಾಗಿ ಹೋಗುತ್ತವೆ. ದೊಡ್ಡ ಪದಗಳೂ ನನಗೆ ಅಷ್ಟಾಗಿ ಬರುವುದಿಲ್ಲ. ಬಂದಷ್ಟನ್ನು ಸರಿಯಾದ ಜಾಗದಲ್ಲಿ ಹಾಕಿದ್ದೇನೆಯೇ ಎಂದು ಮತ್ತೆ ಮತ್ತೆ ನೋಡಿದ್ದೇನೆ. ಬರೆಯುತ್ತಿರುವುದು ನಮ್ಮ ದೊಡ್ಡಮ್ಮನ ಕಥೆ. ಅದಕ್ಕೆ ಅವರ ಅಪ್ಪಣೆಯೂ ಆಗಿದೆ. ("ಬರಿ, ಆದ್ರೆ ನನ್ನ ದಪ್ಪ ಅಂತ ಮಾತ್ರ ಬರೀಬೇಡ.")

ದೊಡ್ಡಮ್ಮನದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಆಚೆಗೂ ಈಚೆಗೂ ದೊಡ್ಡಮ್ಮನೇ ಯಜಮಾನಿ. ಬಟ್ಟೆ ಕತ್ತರಿಸುವವರು ಮಾಸ್ಟರ್. ಗುಂಡಿ ಹಚ್ಚಿ, ಗುಂಡಿ ತೂರಿಸುವ ಕಾಜಾ ಹೊಲಿಯುವವಳು ಕಾಜಾ ಅಕ್ಕ. ಹೆಮ್ಮಿಂಗು ನನ್ನದು, ಇಸ್ತ್ರಿ ದೊಡ್ಡಪ್ಪನದು. (ದೊಡ್ಡಪ್ಪ ಈ ಮನೆಗೆ ಗಂಡನಾಗಿಯೇ ಬಂದವರು. ಅಂಗಡಿ ತೆರೆದ ಮೇಲೆ ಇಸ್ತ್ರಿ ವಿಭಾಗಕ್ಕೆ ವರ್ಗವಾದರು.)

ಶನಿವಾರ ಸಂಜೆ ಅಂಗಡಿಯ ಬಾಗಿಲು ಎಳೆದರೆ ಎಲ್ಲರೂ ಪರದೆ ದಾಟಿ ಟೀವಿ ಮುಂದೆ ಕೂರಬೇಕು. ಕಡ್ಡಾಯವೇನಿಲ್ಲ. ಯಾಕೆ ಕೂರಲಿಲ್ಲ ಎಂದು ಸೋಮವಾರ ಇಡೀ ದಿನ ವಿವರಿಸುವ ಶಕ್ತಿ ಇದ್ದವರು ಧಾರಾಳವಾಗಿ ಎದ್ದು ಹೋಗಬಹುದು. ಆಗ ಬರುವುದು ಒಂದು ಸಾಬೂನು ಕಂಪನಿಯ ಆಫೀಸಿನ ಹಾಸ್ಯ ಧಾರಾವಾಹಿ. ಅದರಲ್ಲಿ ಒಬ್ಬಳು ಮೇಡಂ ಇದ್ದಾಳೆ. ಕೆಲಸದವರ ಪ್ರಾಣ ಹಿಂಡುತ್ತಾಳೆ, ಕೊನೆಗೆ ತಾನೇ ಪೇಚಿಗೆ ಸಿಕ್ಕುತ್ತಾಳೆ. ದೊಡ್ಡಮ್ಮನಿಗೆ ಅದೆಂದರೆ ಪಂಚಪ್ರಾಣ. ಅವರು ನಕ್ಕಾಗ ನಾವೂ ನಗಬೇಕು. ಅವರಿಗಿಂತ ಮೊದಲು ನಕ್ಕರೆ ಅವರಿಗೆ ಡೈಲಾಗು ಕೇಳಿಸುವುದಿಲ್ಲ.

"ಎಂಥ ಜಿಪುಣ ಕಂಪನಿ ನೋಡಿ" ಎಂದು ಅವರು ಪ್ರತಿ ವಾರ ಹೇಳುತ್ತಿದ್ದರು. "ಈ ಕಾಲದಲ್ಲೂ ವೈರಿನ ಫೋನು ಇಟ್ಕೊಂಡಿದಾರೆ."

"ಅದು ಹಾಗಲ್ಲ ಕಣೆ, ಇದು..." ಎಂದು ದೊಡ್ಡಪ್ಪ ಶುರು ಮಾಡುತ್ತಿದ್ದರು.

"ರೀ, ಮುಗಿಯೋವರೆಗೂ ಬಾಯಿ ಬಿಡ್ಬೇಡಿ."

ಮುಗಿಯುವ ಹೊತ್ತಿಗೆ ದೊಡ್ಡಪ್ಪ ಗೋಡೆಗೆ ಒರಗಿ ಬಾಯಿ ಬಿಟ್ಟೇ ಇರುತ್ತಿದ್ದರು, ಆದರೆ ನಿದ್ದೆಯಲ್ಲಿ.

ಹೀಗೆ ಸುಖವಾಗಿ ನಡೆಯುತ್ತಿದ್ದಾಗ ಆ ಶನಿವಾರ ಬಂತು. ಟೀವಿಯಲ್ಲಿ ಮೇಡಂ ಆಫೀಸಿನ ಕಕ್ಕಸಿನ ಬೀಗದ ಕೈಗೆ ಮುರಿದ ಕುರ್ಚಿಯ ಕಾಲೊಂದನ್ನು ಕಟ್ಟಿ ಗೋಡೆಗೆ ನೇತುಹಾಕಿದಳು. ಕಳೆದುಹೋಗಬಾರದು, ಜೊತೆಗೆ ಯಾರು ಎಷ್ಟು ಸಲ ಹೋದರು ಎಂದು ಎಲ್ಲರಿಗೂ ಕಾಣಬೇಕು. ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ನೋಡಿದರೆ ಬೇರೆ ಯಾರೂ ನಗುತ್ತಿಲ್ಲ. ಮಾಸ್ಟರ್ ಚಾವಣಿ ನೋಡುತ್ತಿದ್ದರು, ಕಾಜಾ ಅಕ್ಕ ತನ್ನ ಉಗುರು ನೋಡುತ್ತಿದ್ದಳು. ದೊಡ್ಡಮ್ಮ ಮೆಲ್ಲಗೆ ತಲೆ ತಿರುಗಿಸಿದರು. ಪರದೆಯ ಪಕ್ಕದ ಮೊಳೆಯಲ್ಲಿ ನಮ್ಮ ಅಂಗಡಿಯ ಕಕ್ಕಸಿನ ಬೀಗದ ಕೈ, ಅದಕ್ಕೆ ಕಟ್ಟಿದ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಚಕ್ರದ ಸಮೇತ ನೇತಾಡುತ್ತಿತ್ತು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದರೋ ಏನೋ. ಮುಂದಿನ ದೃಶ್ಯದಲ್ಲಿ ಒಬ್ಬ ಗುಮಾಸ್ತ ಕೈ ಹೊಸೆಯುತ್ತ ರಜ ಕೇಳಲು ಬಂದ. ಮೇಡಂ ಜೇನಿನಂಥ ದನಿಯಲ್ಲಿ ಹೇಳಿದಳು: "ನಾವೆಲ್ಲ ಒಂದೇ ಕುಟುಂಬ ಅಲ್ವಾ. ಕುಟುಂಬದಲ್ಲಿ ಯಾರಾದ್ರೂ ರಜ ಕೇಳ್ತಾರಾ?"

ದೊಡ್ಡಮ್ಮ ಕಾಜಾ ಅಕ್ಕನ ಕಡೆ ತಿರುಗಿದರು. ಅದೇ ವಾರ ಕಾಜಾ ಅಕ್ಕ, ತಂಗಿಯ ಕಣ್ಣಿನ ಆಪರೇಷನ್ನಿಗೆ ಜೊತೆಗಿರಬೇಕು ಎಂದು ರಜ ಕೇಳಿದ್ದಳು. ಕಾಜಾ ಹೊಲಿಯಲು ಬೇರೆ ಯಾರಿದ್ದಾರೆ ಎಂದು ದೊಡ್ಡಮ್ಮ ಕೇಳಿದ್ದರು. (ನನಗೆ ಬರುತ್ತದೆ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.) ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು ಇದೇ ಮಾತನ್ನು, ಒಂದಕ್ಷರ ಆಚೀಚೆ ಇಲ್ಲದೆ, ಇದೇ ದನಿಯಲ್ಲಿ ಹೇಳಿದ್ದರು.

ಯಾರೋ ನಮ್ಮ ಅಂಗಡಿಯ ರಾಜ್ಯರಹಸ್ಯಗಳನ್ನು ಟೀವಿಯವರಿಗೆ ಸಾಗಿಸುತ್ತಿದ್ದಾರೆ, ಅದರಲ್ಲಿ ಅನುಮಾನವೇ ಉಳಿಯಲಿಲ್ಲ. ಆ ಗೂಢಚಾರ ಯಾರು ಎಂದು ಹುಡುಕಲು ದೊಡ್ಡಮ್ಮ ಬಹಳ ದೂರ ಹೋಗಬೇಕಾಗಲಿಲ್ಲ. ಕಾಜಾ ಅಕ್ಕನ ಮೈದುನ ಟೀವಿಯವರ ವ್ಯಾನು ಓಡಿಸುತ್ತಾನೆ.

ಆದರೂ ದೊಡ್ಡಮ್ಮ ನ್ಯಾಯವಂತೆ. ಸಾಕ್ಷಿ ಇಲ್ಲದೆ ಶಿಕ್ಷೆ ಕೊಡುವವರಲ್ಲ. ಭಾನುವಾರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಒಂದು ಉಪಾಯ ಹೊಳೆಯಿತು. ಇಲ್ಲಿಯವರೆಗೆ ಲೋಕದಲ್ಲಿ ಯಾರೂ ಯೋಚಿಸಿರದ ಒಂದು ಹೊಸ ನಿಯಮವನ್ನು ತಾವೇ ಸೃಷ್ಟಿಸಿ, ಅದನ್ನು ಕಾಜಾ ಅಕ್ಕನ ಕಿವಿಗೆ ಮಾತ್ರ ಹಾಕುವುದು. ಟೀವಿಯಲ್ಲಿ ಬಂತೋ, ಕಳ್ಳಿ ಸಿಕ್ಕಿಬಿದ್ದಳು.

ಸೋಮವಾರ ಕಾಜಾ ಅಕ್ಕನನ್ನು ಒಂದು ಬದಿಗೆ ಕರೆದರು.

"ಯಾರಿಗೂ ಹೇಳ್ಬೇಡ. ಬರೋ ತಿಂಗಳಿಂದ ಇಲ್ಲಿ ಟೀ ನಿಂತ್ಕೊಂಡೇ ಕುಡೀಬೇಕು. ಸ್ಟೂಲೆಲ್ಲ ತೆಗೆಸ್ತೀನಿ. ಕೂತ್ರೆ ಮಾತು ಬರುತ್ತೆ, ನಿಂತ್ರೆ ಟೀ ಬೇಗ ಇಳಿಯುತ್ತೆ."

"ಕಾಲು ನೋಯಲ್ವಾ ಅಮ್ಮಾ?"

"ಅದಕ್ಕೇ ಬೇಗ ಇಳಿಯೋದು."

ಮುಂದಿನ ಶನಿವಾರ ದೊಡ್ಡಮ್ಮ ಟೀವಿಯನ್ನು ಬಿಟ್ಟು ಕಾಜಾ ಅಕ್ಕನ ಮುಖವನ್ನೇ ನೋಡುತ್ತ ಕೂತರು. ಧಾರಾವಾಹಿ ಶುರುವಾಯಿತು. ಇಬ್ಬರು ಆಳುಗಳು ಕ್ಯಾಂಟೀನಿನಿಂದ ಸ್ಟೂಲುಗಳನ್ನು ಒಂದೊಂದಾಗಿ ಹೊತ್ತು ಹೊರಗೆ ಸಾಗಿಸಿದರು. ಮೇಡಂ ಬಾಗಿಲಲ್ಲಿ ನಿಂತು ಸಾರಿದಳು: "ಕೂತ್ರೆ ಮಾತು ಬರುತ್ತೆ. ನಿಂತ್ರೆ ಟೀ ಬೇಗ ಇಳಿಯುತ್ತೆ."

ದೊಡ್ಡಮ್ಮ ಎದ್ದು ಟೀವಿಯ ಸದ್ದನ್ನು ಪೂರ್ತಿ ಅಡಗಿಸಿದರು. ಧಾರಾವಾಹಿ ನಡೆಯುತ್ತಿರುವಾಗ ಆ ಮನೆಯಲ್ಲಿ ಹಾಗೆ ಆದದ್ದು ಅದೇ ಮೊದಲು.

"ಸೋಮವಾರದಿಂದ ನೀನು ಬರೋದು ಬೇಡ" ಎಂದರು ಕಾಜಾ ಅಕ್ಕನಿಗೆ.

ಕಾಜಾ ಅಕ್ಕ ಟೀವಿಯಿಂದ ಮುಖ ತಿರುಗಿಸಿದಳು. "ನಾನೇನ್ ಮಾಡ್ದೆ ಅಮ್ಮಾ?"

"ಸ್ಟೂಲಿನ ವಿಷಯ ನಿನಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ. ಅದು ಟೀವಿಗೆ ಹೇಗೆ ಹೋಯ್ತು? ನಿನ್ನ ಮೈದುನನ ವ್ಯಾನಲ್ಲಿ ತಾನೇ?"

"ಅವನು ವ್ಯಾನು ಓಡಿಸ್ತಾನೆ ಅಮ್ಮಾ, ಕಥೆ ಬರಿಯಲ್ಲ. ಅವನ ಜೊತೆ ನಾನು ಮಾತು ಬಿಟ್ಟು ಎಷ್ಟು ಕಾಲ ಆಯ್ತು. ನಮ್ಮ ಟೇಬಲ್ ಫ್ಯಾನು ತಗೊಂಡು ಹೋದೋನು ಇವತ್ತಿಗೂ ವಾಪಸ್ ಕೊಟ್ಟಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಂಗಿ ಆಪರೇಷನ್ ಹೊತ್ತಲ್ಲಿ ಕೆಲಸ ಬಿಡಿಸ್ಬೇಡಿ ಅಮ್ಮಾ. ರಜಾನೂ ಬೇಡ ನಂಗೆ."

ಟೀವಿಯ ಸದ್ದು ಇರಲಿಲ್ಲ. ಹಾಗಾಗಿ ದೊಡ್ಡಪ್ಪನ ಬಾಯಿಗೆ ಕೊನೆಗೂ ಒಂದು ಅವಕಾಶ ಸಿಕ್ಕಿತು.

"ಈಗ ಅವಳ ಕುರ್ಚೀನೂ ಎತ್ಕೊಂಡು ಹೋಗ್ತಾರೆ ನೋಡಿ" ಎಂದರು ಟೀವಿ ಕಡೆ ಬೆರಳು ಮಾಡಿ. "ಮೇಡಂ ನೋಡ್ದೆ ಕೂತ್ಕೊಳ್ತಾಳೆ."

ಆಳುಗಳು ಬಂದರು. ಮೇಡಂನ ಕುರ್ಚಿಯನ್ನೂ ಸ್ಟೂಲುಗಳ ಲೆಕ್ಕಕ್ಕೆ ಸೇರಿಸಿ ಎತ್ತಿಕೊಂಡು ಹೋದರು. ಫೋನಿನಲ್ಲಿ ಮಾತಾಡುತ್ತಿದ್ದ ಮೇಡಂ ಹಿಂದೆ ನೋಡದೆ ಕೂತಳು. ಸದ್ದಿಲ್ಲದೆ ಬಿದ್ದಳು.

ದೊಡ್ಡಮ್ಮ ಗಂಡನ ಕಡೆ ತಿರುಗಿದರು. "ನಿಮಗೆ ಹೇಗ್ರೀ ಗೊತ್ತು? ನೀವೂ ಇವಳ ಜೊತೆ ಸೇರ್ಕೊಂಡಿದ್ದೀರಾ?"

"ನಾವಿಬ್ರೂ ನೋಡಿದ್ದೀವಲ್ಲೇ, ಮದುವೆಯಾದ ಹೊಸದರಲ್ಲಿ. ಇದು ಹಳೇದು, ಈಗ ಮತ್ತೆ ಹಾಕ್ತಾ ಇದಾರೆ. ಅದಕ್ಕೇ ವೈರಿನ ಫೋನು. ಪ್ರತಿ ವಾರ ಹೇಳೋಕೆ ಹೋಗ್ತೀನಿ, ನೀನು ಬಾಯಿ ಬಿಡೋಕೆ ಬಿಟ್ರೆ ತಾನೇ?"

"ಸುಳ್ಳು. ನೋಡಿದ್ರೆ ನಂಗೆ ನೆನಪಿರ್ತಿರ್ಲಿಲ್ವಾ?"

"ನಮ್ಮ ಆಗಿನ ಟೀವೀಲಿ ಮುಖ ಎಲ್ಲಿ ಕಾಣ್ತಿತ್ತು? ಜಡಿಮಳೇಲಿ ಯಾರೋ ಓಡಾಡ್ದಂಗೆ ಇರ್ತಿತ್ತು. ಮಾತು ಮಾತ್ರ ಸ್ಪಷ್ಟ. ಮುಖ ನಿಂಗೆ ಮರೆತು ಹೋಗಿದೆ, ಮಾತು ಹಾಗೇ ಉಳ್ಕೊಂಡಿದೆ."

"ಆಗ ನಮ್ಮ ಅಂಗಡೀನೇ ಇರ್ಲಿಲ್ಲ. ಮತ್ತೆ ಅವರು ನನ್ನ ಹೇಗೆ ಕಾಪಿ ಮಾಡಿದ್ರು?"

ದೊಡ್ಡಪ್ಪ ಹೆಂಡತಿಯನ್ನು ಬಹಳ ಪ್ರೀತಿಯಿಂದ ನೋಡಿದರು. "ಅದೇ ನಾನು ಹೇಳ್ತಿರೋದು. ಊರಿಗೆ ಊರೇ ನೋಡಿ ನಗ್ತಿತ್ತು. ನೀನೊಬ್ಬಳು ಪರೀಕ್ಷೆಗೆ ಓದೋರ ಥರ ಕೂತಿರ್ತಿದ್ದೆ. ಮುಂದೆ ಅಂಗಡಿ ಇಟ್ರೆ ಹೀಗೇ ನಡೆಸ್ಬೇಕು, ಎಷ್ಟು ಅಚ್ಚುಕಟ್ಟು ಈ ಹೆಂಗಸು, ಅಂದಿದ್ದೆ."

ಮಾಸ್ಟರ್‌ಗೆ ಆಗಲೇ ಕೆಮ್ಮು ಬರಬೇಕೇ. ಕಾಜಾ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದವಳು ಹಾಗೆಯೇ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಅಲುಗುತ್ತಿತ್ತು. ದೊಡ್ಡಮ್ಮ ಟೀವಿ ನೋಡಿದರು, ಮೊಳೆಗೆ ನೇತಾಡುವ ಚಕ್ರ ನೋಡಿದರು, ಆಮೇಲೆ ಕೂತರು. (ಕೂರುವ ಮೊದಲು ಹಿಂದೆ ಕೈ ಹಾಕಿ ಕುರ್ಚಿ ಇದೆಯೇ ಎಂದು ಮುಟ್ಟಿ ನೋಡಿಕೊಂಡರು.)

"ತಂಗಿ ಆಪರೇಷನ್ ಯಾವತ್ತು?" ಎಂದರು ಚಕ್ರದ ಕಡೆಯೇ ನೋಡುತ್ತ.

"ಬುಧವಾರ ಅಮ್ಮಾ."

"ಕೆಲಸ ಬಿಡೋದೇನೂ ಬೇಡ. ರಜ ಬೇಕಿದ್ರೆ ಇನ್ನೊಂದ್ಸಲ ಕೇಳು, ಕೊಡ್ತೀನಿ."

ಕಾಜಾ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಎದ್ದಳು. "ಕುಟುಂಬದಲ್ಲಿ ಯಾರಾದ್ರೂ ರಜ ಕೇಳ್ತಾರಾ ಅಮ್ಮಾ? ಹೇಳಿ ಹೋಗ್ತಾರೆ. ನಾನು ಹೋಗ್ಬರ್ತೀನಿ."

ಅವಳ ಹಿಂದೆ ಮಾಸ್ಟರ್ ಕೂಡ ಕೆಮ್ಮುತ್ತಲೇ ಹೊರಟರು. ದೊಡ್ಡಮ್ಮ ಗಂಡನ ಪಕ್ಕಕ್ಕೆ ಕುರ್ಚಿ ಸರಿಸಿಕೊಂಡು, ನಾನು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಕೇಳಿದರು:

"ರೀ, ಕೊನೇಲಿ ಆ ಮೇಡಂ ಏನಾಗ್ತಾಳೆ?"

"ಮುಗಿಯೋವರೆಗೂ ಬಾಯಿ ಬಿಡ್ಬಾರ್ದು" ಎಂದರು ದೊಡ್ಡಪ್ಪ. ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಇವತ್ತು ಮಂಗಳವಾರ. ಮೊಳೆಯಲ್ಲಿ ಈಗ ಬರೀ ಬೀಗದ ಕೈ ಇದೆ, ಚಕ್ರ ಇಲ್ಲ. ನಾನು ದೊಡ್ಡಮ್ಮನ ಹತ್ತಿರ ಹೋಗಿ, ನನಗೂ ಕಾಜಾ ಬರುತ್ತದೆ ಎಂದು ಹೇಳಿದ್ದೇನೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಚೆನ್ನಾಗಿ ಬೈದರು. ನಾಳೆ ಅಂಗಡಿ ತೆರೆದ ಕೂಡಲೇ ಕಾಜಾ ಅಕ್ಕನ ಪಾಲಿನ ನೀಲಿ ಅಂಗಿಗಳನ್ನು ತೆಗೆದುಕೊಂಡು, ಕುತ್ತಿಗೆಯ ಕಡೆಯಿಂದ ಕಾಜಾ ಹೊಲಿಯಲು ಶುರು ಮಾಡುತ್ತೇನೆ.