ತೂಕಡಿಕೆಯ ವಿದ್ಯಾಭ್ಯಾಸ

ಎಲ್ಲದಕ್ಕೂ ಕಾರಣ ಆ ಹಾಳು ಫ್ಯಾನು. ವಿಶ್ವವಿದ್ಯಾಲಯದ ಉದ್ದನೆಯ ಪಡಸಾಲೆಯಲ್ಲಿ, ತೆರೆದ ಬಾಗಿಲೊಂದರ ಒಳಗೆ, ಖಾಲಿ ಬೆಂಚುಗಳ ಮೇಲೆ ಅದು ತನ್ನ ಪಾಡಿಗೆ ತಾನು ಜೋಗುಳ ಹಾಡುತ್ತ ತಿರುಗುತ್ತಿತ್ತು. ಅದು ತೂಕಡಿಕೆಯ ಕಣ್ಣಿಗೆ ಬಿತ್ತು.

ಅವನಿಗೂ ಒಂದು ಹೆಸರಿತ್ತು, ಆದರೆ ಅದು ಸ್ವಂತ ಅಕ್ಕನಿಗೇ ಮರೆತುಹೋಗಿತ್ತು. ಕೂತಲ್ಲೇ ನಿದ್ದೆ ಹೋಗುವ ಗುಣದಿಂದ ತೂಕಡಿಕೆ ಎಂಬ ಹೆಸರು ಬಂತು, ಗೋದಾಮು ಕಾಯುವ ಕೆಲಸ ಹೋಯಿತು. ಆಮೇಲೆ ಲಿಫ್ಟಿನ ಕೆಲಸವೂ ಹೋಯಿತು. ಲಿಫ್ಟು ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ನಡುವೆ ನಿಂತು ಗೊರಕೆ ಹೊಡೆಯುತ್ತಿದೆ ಎಂದು ದೂರು ಬಂದಿತ್ತು. ಇವತ್ತು ಬೆಳಿಗ್ಗೆ ಅಕ್ಕನ ಗಂಡ ಅವನ ಚಾಪೆ ಸುತ್ತಿ ಬಾಗಿಲ ಹೊರಗೆ ನಿಲ್ಲಿಸಿದ್ದ.

"ನೋಡಯ್ಯಾ, ಕೆಲಸ ಸಿಕ್ಕಿದ್ರೆ ಚಾಪೆ ಒಳಗೆ. ಸಿಗ್ಲಿಲ್ವಾ, ನೀನೂ ಅದೂ ಜೊತೆಯಾಗಿ ಎಲ್ಲಿಗಾದ್ರೂ ಹೋಗಿ."

"ಆಯ್ತು ಭಾವ" ಎಂದಿದ್ದ ತೂಕಡಿಕೆ, ಆಕಳಿಸುತ್ತ.

ಕೆಲಸವೆಂದರೆ ವಿಶ್ವವಿದ್ಯಾಲಯದ ಗಂಟೆ ಹೊಡೆಯುವುದು. ಅವನಿಗೆ ಅಳತೆ ತೆಗೆದು ಹೊಲಿಸಿದಂಥ ಕೆಲಸ: ಪಾಠ ಮುಗಿದಾಗ ಎದ್ದು ಢಣ್ ಎನ್ನಿಸಿ, ಮುಂದಿನ ಪಾಠ ಮುಗಿಯುವವರೆಗೆ ಮಲಗಬಹುದು. ಏಳನೇ ತರಗತಿಗಿಂತ ಹೆಚ್ಚು ಓದಿದವರು ಬರಕೂಡದು ಎಂಬ ಷರತ್ತು ಬೇರೆ. ತೂಕಡಿಕೆ ಅದಕ್ಕಿಂತ ಒಂದಕ್ಷರವೂ ಹೆಚ್ಚು ಓದಿರಲಿಲ್ಲ. ಆದರೂ ಸಾಲು ಕಚೇರಿಯಿಂದ ಗೇಟಿನವರೆಗೆ ಬೆಳೆದಿತ್ತು. ಅವನ ಹಿಂದೆ ನಿಂತಿದ್ದ ತರುಣನೊಬ್ಬ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಕಂಬವನ್ನು ಮನುಷ್ಯನೆಂದು ತಿಳಿದು ಮಾತಾಡಿಸುತ್ತಿದ್ದ.

"ಸಂದರ್ಶನ ಮಧ್ಯಾಹ್ನದ ಮೇಲಂತೆ. ನೀವು ಎಲ್ಲಾದ್ರೂ ಸುಧಾರಿಸ್ಕೊಳ್ಳಿ ಅಣ್ಣಾ, ಜಾಗ ನಾನು ನೋಡ್ಕೋತೀನಿ" ಎಂದ ತರುಣ, ಕಂಬದ ಕಡೆಗೆ ತಿರುಗಿ.

ಹಾಗೆ ಸುಧಾರಿಸಿಕೊಳ್ಳಲು ಹೊರಟವನೇ ಫ್ಯಾನಿನ ಕೆಳಗೆ ಬಂದು ಬಿದ್ದದ್ದು. ಕಣ್ಣು ಹತ್ತುವಷ್ಟರಲ್ಲಿ ಯಾರೋ ಭುಜ ಅಲುಗಾಡಿಸಿದರು.

"ಏಳಪ್ಪಾ! ಬೇಡ ಬೇಡ, ಏಳ್ಬೇಡ. ನೆಟ್ಟಗೆ ಕೂತ್ಕೋ." ತತ್ವಶಾಸ್ತ್ರದ ಮೇಷ್ಟ್ರು ಬೆವೆತು ತೊಪ್ಪೆಯಾಗಿದ್ದರು. "ತನಿಖೆ ಸಾಹೇಬ್ರು ಬಂದಿದಾರೆ. ವಿದ್ಯಾರ್ಥಿಗಳಿಲ್ಲದ ವಿಭಾಗಕ್ಕೆ ಇವತ್ತೇ ಬೀಗ. ನನ್ನವರು ಒಬ್ಬರೂ ಪತ್ತೆ ಇಲ್ಲ!"

"ನಾನು ಗಂಟೆ ಹೊಡೆಯೋಕೆ ಬಂದೋನು ಸಾರ್."

"ಹೊಡೆಯುವೆಯಂತೆ. ಸಾಹೇಬ್ರ ಹತ್ರ ನಿನ್ನ ಪರವಾಗಿ ನಾನೇ ಒಂದು ಒಳ್ಳೆ ಮಾತು ಹೇಳ್ತೀನಿ."

ಸಾಹೇಬರು ಬಾಗಿಲಲ್ಲಿ ನಿಂತರು. "ಈ ಬೆಂಚು ನಿಜವಾಗಿ ಇದೆಯೇ?" ಎಂದು ಮೇಷ್ಟ್ರು ಶುರುಮಾಡಿದರು. ಬೆಂಚು ಮೆಲ್ಲಗೆ ಹತ್ತಿಯಾಯಿತು, ಹತ್ತಿ ಮೋಡವಾಯಿತು, ಮೋಡದ ಪಕ್ಕದಲ್ಲೇ ಚಾಪೆಯೊಂದು ತೇಲಿಹೋಯಿತು. ತೂಕಡಿಕೆಯ ತಲೆ ಮುಂದಕ್ಕೆ ಬಿದ್ದು ಎದ್ದಿತು, ಮತ್ತೆ ಬಿದ್ದು ಎದ್ದಿತು.

"ಪ್ರತಿ ಮಾತಿಗೂ ತಲೆದೂಗ್ತಾನಲ್ರೀ!" ಎಂದು ಸಾಹೇಬರು ಬೆರಗಾದರು.

ಅವರು ಆ ಕಡೆ ಹೋದದ್ದೇ ತಡ, ಪಕ್ಕದ ಮನೆಯಲ್ಲಿ ಸೌಟು ಕೇಳುವಂತೆ ಸಸ್ಯಶಾಸ್ತ್ರದ ಮೇಡಂ ಇಣುಕಿದರು. "ನಿಮ್ದು ಮುಗೀತಾ ಸಾರ್? ಮುಗಿದಿದ್ರೆ ಅವನನ್ನ ಈ ಕಡೆ ಕಳಿಸಿ. ಒಳ್ಳೆ ಮಾತು ನಾನೂ ಹೇಳ್ತೀನಿ."

ಅಲ್ಲಿ ತೂಕಡಿಕೆಗೆ ಅಂಗಾಲಿನಿಂದ ಬೇರು ಹೊರಟಿತು. ನೆಲದೊಳಗಿನ ತಂಪು ನೀರು ಕಾಲಿನಿಂದ ಏರಿ ಎದೆಗೆ ಬಂತು. ಕಿವಿಯ ಹಿಂದೆ ಚಿಗುರು, ಹೆಗಲ ಮೇಲೆ ಹಕ್ಕಿ.

"ಇವನನ್ನ ಈಗ ತಾನೇ ನೋಡಿದೆನಲ್ಲ?" ಎಂದಿತು ಹಕ್ಕಿ, ಸಾಹೇಬರ ದನಿಯಲ್ಲಿ.

"ಯಾವ ವಿಷಯದ ಜೊತೆ ಯಾವುದನ್ನಾದ್ರೂ ಕೂಡಿಸಿ ಓದ್ಬಹುದು ಅಂತ ನಿಯಮ ತಂದೋರು ನೀವೇ ಅಲ್ವಾ ಸಾರ್? ಅದರ ಫಲ ಇವನು!" ಎಂದರು ಮೇಡಂ. ಸಾಹೇಬರು ಪೂರಿಯಂತೆ ಉಬ್ಬಿದರು.

ಖಗೋಳದ ಮೇಷ್ಟ್ರು ತಾವೂ ಒಂದು ಒಳ್ಳೆ ಮಾತು ಹೇಳುವುದಾಗಿ ಮಾತು ಕೊಟ್ಟು, ಅವನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದರು. ಪರದೆ ಎಳೆದ ಕೋಣೆ. ಚಾವಣಿಯ ಮೇಲೆ ಬೆಳಕಿನ ಚುಕ್ಕಿಗಳು. ತೂಕಡಿಕೆ ಹಗುರಾಗಿ ಮೇಲೆದ್ದ. ಹತ್ತಿರ ಹೋದರೆ ಒಂದೊಂದು ನಕ್ಷತ್ರವೂ ಒಂದೊಂದು ಪುಟ್ಟ ಗಂಟೆ. ಅವನು ಒಂದನ್ನು ಮುಟ್ಟಿದ. ಆಕಾಶವೆಲ್ಲ ತೆಳ್ಳಗೆ ದನಿಗೊಟ್ಟಿತು. ಭಾವ ಚಾಪೆ ಬಿಡಿಸಿ, "ಬಾರಪ್ಪಾ, ಮಲಗು" ಎಂದು ಪ್ರೀತಿಯಿಂದ ಕರೆಯುತ್ತಿದ್ದ.

"ಸಂದರ್ಶನ ಶುರುವಾಯ್ತು, ಓಡು!" ಎಂದು ಕೂಗಿದವರು ಮಾತ್ರ ಖಗೋಳದ ಮೇಷ್ಟ್ರು.

ಓಡಿದ. ತರುಣ ಜಾಗ ಕಾದಿದ್ದ. ತೂಕಡಿಕೆ ಒಳಗೆ ಹೋದರೆ, ಕುರ್ಚಿಯಲ್ಲಿ ಅದೇ ಸಾಹೇಬರು!

"ನೀನಾ? ಇಲ್ಲೇನು ಕೆಲಸ ನಿಂಗೆ?"

"ಗಂಟೆ ಕೆಲಸಕ್ಕೆ ಸಾರ್. ನಾನು ಓದಿದ್ದು ಏಳನೇ ಕ್ಲಾಸು. ಅದೂ ಪೂರ್ತಿ ಅಲ್ಲ."

"ಯಾರ ಮುಂದೆ ಹೇಳ್ತಿದೀಯ? ನಾನೇ ಕಣ್ಣಾರೆ ನೋಡಿಲ್ವಾ?"

ಅಷ್ಟರಲ್ಲಿ ಮಾತು ಕೊಟ್ಟ ಮೂವರೂ ಪಕ್ಕದ ಬಾಗಿಲಿಂದ ಬಂದರು. ಮಾತಿಗೆ ತಪ್ಪುವ ಜನರಲ್ಲ.

"ಇವನಂಥ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿಲ್ಲ ಸಾರ್" ಎಂದರು ತತ್ವಶಾಸ್ತ್ರದವರು. ಅದು ಸತ್ಯವೇ ಆಗಿತ್ತು.

"ನಿಮ್ಮ ದಮ್ಮಯ್ಯ ಮೇಡಂ, ನಿಜ ಹೇಳಿಬಿಡಿ!" ಎಂದ ತೂಕಡಿಕೆ.

ನಿಜ ಹೇಳಿದರೆ ಮೂರು ವಿಭಾಗಕ್ಕೆ ಬೀಗ. ಮೇಡಂ ಕಿಟಕಿಯಾಚೆಯ ಮರವನ್ನು ಮೊದಲ ಸಲ ಕಂಡವರಂತೆ ನೋಡಿದರು. ಖಗೋಳದವರು ಚಾವಣಿ ನೋಡಿದರು.

"ಇಷ್ಟು ಓದಿದವನ ಕೈಗೆ ಗಂಟೆ ಕೊಟ್ಟು ಮಾನ ಕಳ್ಕೊಳ್ಳಲಾ? ನಡಿ, ನಡಿ. ಮುಂದಿನವನು!"

ಮೂವರೂ ಬಂದ ಬಾಗಿಲಿಂದಲೇ ನೆಮ್ಮದಿಯಾಗಿ ಹೋದರು. ತರುಣ ತಡವರಿಸುತ್ತ ಒಳಗೆ ಹೋದ. ತುಸು ಹೊತ್ತಿಗೆ ಗಂಟೆಯ ಸುತ್ತಿಗೆ ಹಿಡಿದು ಹೊರಬಂದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಮೊದಲ ಸಲ ತೂಕಡಿಕೆಯ ಮುಖ ಕಂಡ.

"ಬೇಜಾರು ಮಾಡ್ಕೋಬೇಡಿ ಅಣ್ಣಾ. ತತ್ವಶಾಸ್ತ್ರದ ಮೇಷ್ಟ್ರಿಗೆ ಮಾತ್ರ ಹೇಳ್ಬೇಡಿ. ನಾನು ಅವರ ವಿದ್ಯಾರ್ಥಿ."

ತೂಕಡಿಕೆ ಚದುರುತ್ತಿದ್ದ ಸಾಲನ್ನು ನೋಡಿದ. "ಹಂಗಾದ್ರೆ ಇವರೆಲ್ಲ?"

"ಗೋಡೆ ಪಕ್ಕದವರು ಸಸ್ಯಶಾಸ್ತ್ರ, ಮೆಟ್ಟಿಲ ಮೇಲಿರೋರು ಖಗೋಳ. ಎಲ್ಲಾ ಏಳನೇ ಕ್ಲಾಸು ಅಂತಾನೇ ಹೇಳಿದ್ದು. ಓದಿದೀವಿ ಅಂದ್ರೆ ಯಾರು ಕೊಡ್ತಾರೆ ಕೆಲಸ?" ತರುಣ ದನಿ ತಗ್ಗಿಸಿದ. "ಅಂದಹಾಗೆ, ನಿಮ್ದು ಯಾವ ವಿಭಾಗ ಅಣ್ಣಾ?"

ಸಂಜೆ ಭಾವ ಬಾಗಿಲಿಗೆ ಅಡ್ಡ ನಿಂತಿದ್ದ.

"ಸಿಕ್ತಾ?"

"ಇಲ್ಲ ಭಾವ. ಜಾಸ್ತಿ ಓದಿಬಿಟ್ಟಿದೀನಂತೆ."

ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಚಾಪೆ ತಂದು ಅವನ ಕಂಕುಳಿಗೆ ಸಿಕ್ಕಿಸಿದ.

ತೂಕಡಿಕೆಗೆ ಗೊತ್ತಿದ್ದದ್ದು ಒಂದೇ ಫ್ಯಾನು. ಅದರ ಕೆಳಗೆ ಚಾಪೆ ಬಿಡಿಸಿದ. ಬೆಂಚುಗಳು ಹತ್ತಿಯಾದವು, ಹತ್ತಿ ಮೋಡವಾಯಿತು, ಮೊದಲ ನಕ್ಷತ್ರ ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ಹೊಸ ಗಂಟೆಯವನು ಹೊಸ ಹುರುಪಿನಲ್ಲಿ, ಕಿಟಕಿಯ ಪಕ್ಕದಲ್ಲೇ, ಸಂಜೆಯ ಪಾಠಕ್ಕೆ ಢಣ್ ಎನ್ನಿಸಿದ.